ಮಾರ್ಕೆಟ್ ರ‍್ಯಾಪ್: ಮೂರನೇ ವಾರ, 12 ಬಾರ್

ನಾನು ಬರೀತಿರೋ ರ‍್ಯಾಪ್ ಹಾಡಿನ 16 ಬಾರ್‌ಗಳಲ್ಲಿ 12 ಮುಗಿದಿವೆ. ಬಾರ್ ಅಂದ್ರೆ ನಾಲ್ಕು ಪೆಟ್ಟಿನ ಒಂದು ಅಳತೆ, ಹೆಚ್ಚುಕಡಿಮೆ ಹಾಡಿನ ಒಂದು ಸಾಲು. ಬೀಟ್ 90 ಬಿಪಿಎಂ, ಅಂದ್ರೆ ನಿಮಿಷಕ್ಕೆ 90 ಪೆಟ್ಟು. ಈ ವೇಗಕ್ಕೆ 16 ಬಾರ್ ಅಂದ್ರೆ ಹೆಚ್ಚುಕಡಿಮೆ 43 ಸೆಕೆಂಡ್. ಅಷ್ಟರೊಳಗೆ ಕೆ.ಆರ್. ಮಾರ್ಕೆಟ್‌ನ ಒಂದು ಬೆಳಗಿನ ಜಾವ ಹಿಡಿಸಬೇಕು.

ಮೊದಲ ವಾರ ಬರೆದದ್ದನ್ನೆಲ್ಲ ತೆಗೆದುಹಾಕಿದೆ. ಸಮಾನತೆ, ಅನ್ಯಾಯ, ವ್ಯವಸ್ಥೆ ಅಂತ ಸಾಲಿಗೊಂದು ದೊಡ್ಡ ಮಾತು. ಬೀದಿಯೇ ಇರಲಿಲ್ಲ. ಆಮೇಲೆ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಷ್ ತಂಡದ 1982ರ 'ದಿ ಮೆಸೇಜ್' ಮತ್ತೆ ಕೇಳಿದೆ. ನ್ಯೂಯಾರ್ಕಿನ ಬ್ರಾಂಕ್ಸ್‌ನವರು. ಅಲ್ಲಿಯವರೆಗೆ ರ‍್ಯಾಪ್ ಅಂದ್ರೆ ಜಾಸ್ತಿ ಪಾರ್ಟಿ, ಕುಣಿತದ್ದೇ. ಇದರಲ್ಲಿ ಒಡೆದ ಗಾಜು, ಇಲಿ, ಜಿರಳೆ, ಸಾಲ ವಸೂಲಿಯವರ ಫೋನು. ಭಾಷಣ ಇಲ್ಲ, ಆದರೂ ಕೇಳ್ತಾ ಹೊಟ್ಟೆ ಕಿವುಚುತ್ತೆ.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ನಮ್ಮ ವಾಕ್ಯ ಸಾಮಾನ್ಯವಾಗಿ ಕ್ರಿಯಾಪದದಲ್ಲಿ ಮುಗಿಯುತ್ತೆ. ಬರುತ್ತೆ, ಹೋಗುತ್ತೆ, ಸಾಯುತ್ತೆ. ಅಂತ್ಯಪ್ರಾಸ ಪುಕ್ಕಟೆ ಸಿಗುತ್ತೆ, ಅದಕ್ಕೇ ಸಪ್ಪೆ ಅನ್ಸುತ್ತೆ. ಹಾಗಾಗಿ ನಮ್ಮ ಹಳೆ ಕವಿಗಳ ದ್ವಿತೀಯಾಕ್ಷರ ಪ್ರಾಸಕ್ಕೆ ಕೈಹಾಕಿದೆ. ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು. ನಾನು ಸಕಾರ ಹಿಡಿದೆ:

ಕಸದ ಗಾಡಿ ತಳ್ಳೋ ಅಕ್ಕ, ಸೀರೆ ಮೇಲೆ ಕೋಟು
ಬಿಸಿ ಟೀಗೆ ಸೆರಗಿನ ಗಂಟಲ್ಲಿ ಮುದುರಿ ಹೋದ ನೋಟು
ಹೆಸರು ಕೇಳ್ದೋರ್ ಯಾರು ಇಲ್ಲಿ? 'ಕಸದವಳು' ಅಂದ್ರೆ ಸಾಕು
ಉಸಿರು ಕಟ್ಟೋ ನಾತದಲ್ಲೇ ಬೆಳಕು ಹರೀಬೇಕು

ಸಾಲಿನ ಬಾಯಲ್ಲೇ ಪ್ರಾಸ ಬೀಳೋದ್ರಿಂದ ಬೀಟ್‌ನ ಮೊದಲ ಪೆಟ್ಟು ಗಟ್ಟಿಯಾಗಿ ಕೂರುತ್ತೆ. ಸಾವಿರ ವರ್ಷದ ಹಿಂದಿನ ಕಟ್ಟು ಡ್ರಮ್ ಮೇಲೆ ಹೀಗೆ ಕೂತದ್ದು ಕಂಡು ನಂಗೆ ಮೈ ಜುಮ್ಮೆಂದಿತು.

ಮೊನ್ನೆ ಇದನ್ನ ಆ ಪೌರಕಾರ್ಮಿಕ ಅಕ್ಕನಿಗೇ ಓದಿದೆ. ಟೀ ಲೋಟ ಹಿಡಿದು ಪೂರ್ತಿ ಕೇಳಿದರು.

"ಕೋಟು ಅಂದ್ಯಲ್ಲಪ್ಪಾ, ಮಳೇಲಿ ನೆಂದ್ರೆ ಮಾರನೇ ದಿನಕ್ಕೂ ಒಣಗಲ್ಲ ಅದು. ಹಸೀದೇ ಹಾಕ್ಕೊಂಡ್ ಬರ್ತೀವಿ. ಅದನ್ನೂ ಸೇರಿಸು."

ಹಸಿ. ಅದೂ ಸಕಾರವೇ! 13ನೇ ಬಾರ್ ಅಲ್ಲಿಂದಲೇ ಶುರು.

"ನಿಮ್ಮ ಹೆಸರು ಹಾಕ್ಲಾ ಅಕ್ಕಾ?" ಅಂದೆ. ಬೇಡ, ಮೇಸ್ತ್ರಿ ಕಿವಿಗೆ ಬಿದ್ರೆ ಕೆಲಸಕ್ಕೆ ತೊಂದರೆ ಅಂದರು. ಹಾಕಲ್ಲ. ಆದರೆ ಯಾಕೆ ಹಾಕಲಿಲ್ಲ ಅನ್ನೋದು 14ರಲ್ಲಿ ಬರಲೇಬೇಕು.

ಹೈಹ್ಯಾಟ್ (ಡ್ರಮ್ ಸೆಟ್‌ನಲ್ಲಿ ಚಿಸ್ ಚಿಸ್ ಅನ್ನೋ ಜೋಡಿ ತಾಳ) ಜಾಗಕ್ಕೆ ಅವರ ಪೊರಕೆಯ ಸದ್ದನ್ನ ಫೋನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದಿದ್ದೇನೆ. ಅವರು ಗುಡಿಸೋ ಲಯ 90ಕ್ಕಿಂತ ಕೊಂಚ ನಿಧಾನ. ಅದನ್ನ ಜೋರು ಮಾಡಲ್ಲ, ಬೀಟಿನ ವೇಗವನ್ನೇ ಇಳಿಸ್ತೀನಿ.