ಒಂದು ಪಿಕ್ಸೆಲ್, ಒಂದು ಗುಂಟೆ

ಬೆಳೆ ನಕ್ಷೆ ಮಾಡಲು ಬಳಸುವ ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಒಂದು ಪಿಕ್ಸೆಲ್, ಅಂದರೆ ಚಿತ್ರದ ಅತಿ ಚಿಕ್ಕ ಚೌಕ, ನೆಲದ ಮೇಲೆ 100 ಚದರ ಮೀಟರ್. ನಮ್ಮ ಗುಂಟೆ 101. ಲೆಕ್ಕ ಇಷ್ಟು ಸಲೀಸಾಗಿ ಕೂಡಿಬರುವುದರಿಂದ ಎಕರೆಗೆ 40 ಪಿಕ್ಸೆಲ್ ಸಿಕ್ಕಿತು ಅನ್ನಿಸುತ್ತದೆ. ಸಿಗುವುದಿಲ್ಲ. ಬದುವಿನ ಬೇವು, ಬಳ್ಳಾರಿ ಜಾಲಿ, ಪಕ್ಕದವರ ಬೆಳೆ ಎಲ್ಲವೂ ಅಂಚಿನ ಪಿಕ್ಸೆಲ್‌ಗಳಲ್ಲಿ ಬೆರೆತಿರುತ್ತವೆ. ಗಡಿಯನ್ನು ಸುತ್ತಲೂ 10 ಮೀಟರ್ ಒಳಕ್ಕೆ ಸರಿಸಿದರೆ, ಚೌಕಾದ ಎಕರೆಯಲ್ಲೂ ನಂಬಬಹುದಾದದ್ದು 19 ಪಿಕ್ಸೆಲ್ ಮಾತ್ರ. 20 ಮೀಟರ್ ಅಗಲದ ಪಟ್ಟಿ ಹೊಲದಲ್ಲಿ ಒಂದೂ ಉಳಿಯದು. ಅಂಥ ಹೊಲದ ಬಗ್ಗೆ ಈ ಚಿತ್ರ ನೋಡಿ ತೀರ್ಪು ಕೊಡಬಾರದು.

ಇನ್ನು ಮೋಡ. ಕಲಬುರಗಿಯ ಎರೆ ಭೂಮಿಯಲ್ಲಿ ಜೂನ್‌ನಲ್ಲಿ ಬಿತ್ತಿದ ಹೆಸರು ಸುಮಾರು 70 ದಿನಕ್ಕೆ ಕಟಾವಿಗೆ ಬರುತ್ತದೆ. ಅದರ ಆಯುಷ್ಯವೆಲ್ಲ ಮುಂಗಾರು ಮೋಡದ ಕೆಳಗೇ. ಉಪಗ್ರಹ 5 ದಿನಕ್ಕೊಮ್ಮೆ ಹಾದುಹೋದರೂ ಕಾಣುವುದು ಬಿಳಿ ಮೋಡ. ತೊಗರಿ ಹಾಗಲ್ಲ, ಡಿಸೆಂಬರ್‌ವರೆಗೂ ಹೊಲದಲ್ಲಿ ನಿಂತಿರುತ್ತದೆ; ಅಕ್ಟೋಬರ್ ಕೊನೆ, ನವೆಂಬರ್‌ನ ಚಿತ್ರಗಳಲ್ಲಿ ಸುತ್ತಲಿನ ಬೆಳೆ ಕಟಾವಾಗಿ ಅದೊಂದೇ ಹಸಿರಾಗಿ ಎದ್ದು ಕಾಣುತ್ತದೆ. ಹೆಸರು ಬೆಳೆಯನ್ನು ನೋಡಲು ಸೆಂಟಿನೆಲ್-1 ಎಂಬ ಇನ್ನೊಂದು ಉಪಗ್ರಹದ ರೇಡಾರ್ ಬೇಕು, ಅದಕ್ಕೆ ಮೋಡ ಅಡ್ಡಿಯಲ್ಲ. ಆದರೆ ಮಳೆ ಬಿದ್ದ ಮರುದಿನ ಒದ್ದೆ ಮಣ್ಣೇ ರೇಡಾರ್ ಸಂಕೇತವನ್ನು ಹೆಚ್ಚಿಸುತ್ತದೆ, ಬೆಳೆ ಬೆಳೆದಂತೆ ತೋರುತ್ತದೆ. ಒಂದೇ ದಿನಾಂಕವನ್ನು ನಂಬದೆ, ಒಂದೇ ಕಕ್ಷೆಯ ಚಿತ್ರಗಳನ್ನು ಸಾಲಾಗಿಟ್ಟು ವಿಎಚ್ (ಲಂಬವಾಗಿ ಹೋಗಿ ಅಡ್ಡವಾಗಿ ಮರಳಿದ ರೇಡಾರ್ ಅಲೆ) ಮತ್ತು ವಿವಿ (ಲಂಬವಾಗಿಯೇ ಮರಳಿದ ಅಲೆ) ಸಂಕೇತಗಳ ಅನುಪಾತ ನೋಡಿ.

ಎಲ್ಲಕ್ಕಿಂತ ಅಪಾಯದ ತಪ್ಪು ಕಣ್ಣಿಗೇ ಬೀಳುವುದಿಲ್ಲ. 2022ರ ಜನವರಿ 25ರಿಂದ ಸೆಂಟಿನೆಲ್-2ರ ಪಿಕ್ಸೆಲ್‌ಗಳ ಬೆಳಕಿನ ಅಂಕಿಗಳಿಗೆ 1000 ಕೂಡಿಸಿ ಕೊಡುತ್ತಿದ್ದಾರೆ. ಅದನ್ನು ಕಳೆಯದಿದ್ದರೆ ಏನಾಗುತ್ತದೆ ನೋಡಿ: ಅವಕೆಂಪು (ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು) 3000, ಕೆಂಪು 1000 ಇರುವ ಹೊಲದ ಎನ್‌ಡಿವಿಐ, ಅಂದರೆ ಇವೆರಡರ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿ ಪಡೆಯುವ ಹಸಿರಿನ ಸೂಚ್ಯಂಕ, 0.5. ಎರಡಕ್ಕೂ 1000 ಸೇರಿದರೆ 0.33. ನಳನಳಿಸುವ ಬೆಳೆ 2021ಕ್ಕಿಂತ ಸೊರಗಿದಂತೆ ನಕ್ಷೆಯಲ್ಲಿ ಮೂಡುತ್ತದೆ. ಬರ ಘೋಷಣೆಗೋ ಬೆಳೆವಿಮೆಗೋ ಇದೇ ನಕ್ಷೆ ಹೋದರೆ ಪರಿಹಾರ ತಲುಪಬೇಕಾದ ಊರು ತಪ್ಪಿಹೋಗುತ್ತದೆ. ಉಪಗ್ರಹ ಚಿತ್ರಗಳನ್ನು ವಿಶ್ಲೇಷಿಸುವ ಗೂಗಲ್‌ನ ಅರ್ಥ್ ಎಂಜಿನ್ ಬಳಸುವವರು ‘ಹಾರ್ಮೊನೈಸ್ಡ್’ ಸಂಗ್ರಹವನ್ನೇ ಆರಿಸಿಕೊಳ್ಳಬೇಕು. ಅದರಲ್ಲಿ ಈ 1000 ಕಳೆದೇ ಇರುತ್ತದೆ.

ನಕ್ಷೆ ಸಿದ್ಧವಾದ ಮೇಲೆ ಹೊಲಕ್ಕೆ ಹೋಗಲೇಬೇಕು. ಬಿತ್ತನೆಯ ದಿನ, ತೊಗರಿಯ ಸಾಲುಗಳ ನಡುವೆ ಏನಿದೆ, ಎಷ್ಟು ಸಾಲಿಗೊಂದು ತೊಗರಿ ಸಾಲು ಎಂಬುದನ್ನು ರೈತರನ್ನೇ ಕೇಳಿ ಬರೆದುಕೊಳ್ಳಿ. ಬೆಳೆಯ ನಡುವಿನ ಅಕ್ಕಡಿ ಸಾಲನ್ನು 10 ಮೀಟರ್ ಪಿಕ್ಸೆಲ್ ಬೇರ್ಪಡಿಸಿ ತೋರಿಸಲಾರದು.