ಮೆಲ್ಬರ್ನ್ ಕಪ್ಪಿಗೆ ಹೋಗೋರಿಗೆ: ಮೊದ್ಲು ಶೂ, ಆಮೇಲೆ ಕುದುರೆ

ನವೆಂಬರ್ ತಿಂಗಳ ಮೊದಲ ಮಂಗಳವಾರ ಮೆಲ್ಬರ್ನಲ್ಲಿ ಸರ್ಕಾರಿ ರಜೆ. ಯಾವ್ದೋ ದೇವ್ರ ಹಬ್ಬಕ್ಕಲ್ಲ, ಮೆಲ್ಬರ್ನ್ ಕಪ್ ಅನ್ನೋ ಕುದುರೆ ರೇಸಿಗೆ. ಊರಲ್ಲಿ ಯಾರಿಗಾದ್ರೂ ಹೇಳಿದ್ರೆ ತಮಾಷೆ ಮಾಡ್ತಿದಾನೆ ಅನ್ಕೋತಾರೆ, ನಮ್ಮತ್ತೆಯಂತೂ ಫೋನಲ್ಲಿ "ರೇಸಿಗೆ ಹೋಗಿ ಮನೆ ಮಾರ್ಕೊಂಡೋರ್ನ ನೋಡಿದೀವಪ್ಪಾ, ರೇಸಿಗೆ ರಜೆ ಕೊಡೋ ಸರ್ಕಾರ ನೋಡಿರ್ಲಿಲ್ಲ" ಅಂದ್ರು. 2024ರಲ್ಲಿ ಹಾವೇರಿ ಕಡೆಯಿಂದ ನಮ್ಮ ಭಾವ ಇಲ್ಲಿಗೆ ಬಂದಿದ್ರು, ದೀಪಾವಳಿ ಇಲ್ಲೇ ಆಯ್ತು, ಅದೇ ವಾರ ಕಪ್ ರೇಸು. ಹಾವೇರಿ ಅಂದ್ಮೇಲೆ ಗೊತ್ತಲ್ಲ, ದೀಪಾವಳಿ ಅಂದ್ರೆ ಹೋರಿ ಹಬ್ಬ, ಕೊಬ್ಬರಿ ಹಾರ ಕಟ್ಟಿದ ಹೋರಿ ಬಿಡೋದು. ಈ ಸಲ ಅದು ತಪ್ಪೋಯ್ತು ಅಂತ ಪಾಪ ಮುಖ ಸಣ್ಣ ಮಾಡ್ಕೊಂಡಿದ್ರು, ಸರಿ ಹೋರಿ ಇಲ್ದಿದ್ರೆ ಕುದುರೆನಾದ್ರೂ ನೋಡ್ಲಿ ಅಂತ ಕಪ್ ನಡೆಯೋ ಫ್ಲೆಮಿಂಗ್ಟನ್ ರೇಸ್ ಕೋರ್ಸಿಗೆ ಕರ್ಕೊಂಡೋದೆ. ಆಮೇಲಿಂದ ಸುಮಾರು ಜನ ಕೇಳಿದಾರೆ ಹೆಂಗೆ ಹೋಗೋದು, ಎಷ್ಟೊತ್ತಿಗೆ ಹೋಗೋದು, ವೆಜ್ ಸಿಗುತ್ತಾ ಅಂತ, ಒಂದೊಂದ್ ಸಲ ಒಬ್ಬೊಬ್ರಿಗೆ ಹೇಳೋ ಬದ್ಲು ಇಲ್ಲೇ ಬರೆದ್ಬಿಡ್ತೀನಿ.

ಮೊದಲನೇ ಮಾತು, ಕಪ್ ರೇಸ್ ಅನ್ನೋದು ಮಧ್ಯಾಹ್ನ 3 ಗಂಟೆಗೆ ಶುರುವಾಗಿ ಮೂರು ನಿಮಿಷ ಚಿಲ್ಲರೆ ಸೆಕೆಂಡಲ್ಲಿ ಮುಗಿಯತ್ತೆ, 3200 ಮೀಟರ್. ಆದ್ರೆ ನೀವು ಮನೆಯಿಂದ ಹೊರಟು ವಾಪಸ್ ಬರೋ ಹೊತ್ತಿಗೆ ಇಡೀ ದಿನ ಹೋಗಿರತ್ತೆ, ಅದ್ರಲ್ಲಿ ಹೆಚ್ಚು ಹೊತ್ತು ನಿಂತ್ಕೊಂಡೇ ಇರ್ತೀರ. ಅದಕ್ಕೇ ಶೂ. ಹೊಸ ಶೂ ಬೇಡ, ಹೀಲ್ಸ್ ಬೇಡ, ಹುಲ್ಲಲ್ಲಿ ಹೀಲ್ಸ್ ಇಳಿದೋಗತ್ತೆ. ಸಂಜೆ ಆಗೋ ಹೊತ್ತಿಗೆ ಅಷ್ಟು ಚೆಂದ ಡ್ರೆಸ್ ಮಾಡ್ಕೊಂಡ್ ಬಂದ ಹುಡ್ಗೀರು ಶೂ ಕೈಲಿ ಹಿಡ್ಕೊಂಡು ಬರಿಗಾಲಲ್ಲಿ ಪ್ಲಾಟ್‌ಫಾರ್ಮ್ ಮೇಲೆ ನಡೀತಿರ್ತಾರೆ, ಪ್ರತಿ ವರ್ಷದ ಸೀನ್ ಅದು.

ಡ್ರೆಸ್ ವಿಷ್ಯ ಇಲ್ಲೇ ಮುಗಿಸ್ತೀನಿ. ಜನರಲ್ ಅಡ್ಮಿಷನ್ ಟಿಕೆಟಿಗೆ ಸೂಟು ಟೈ ಕಡ್ಡಾಯ ಅಲ್ಲ, ಮೆಂಬರ್ಸ್ ಕಡೆ, ಅಂದ್ರೆ ಕ್ಲಬ್ ಸದಸ್ಯರ ಜಾಗದಲ್ಲಿ ಮಾತ್ರ ತುಂಬ ಸ್ಟ್ರಿಕ್ಟು. ಆದ್ರೂ ಎಲ್ರೂ ಮದ್ವೆಗೆ ಬಂದಂಗೆ ಬಂದಿರ್ತಾರೆ, ಟೀ ಶರ್ಟಲ್ಲಿ ಹೋದ್ರೆ ನಿಮಗೇ ಒಂಥರಾ ಅನ್ಸತ್ತೆ. ನಮ್ಮ ಮನೆಯವಳು ಮೈಸೂರು ಸಿಲ್ಕ್ ಸೀರೆ ಉಟ್ಕೊಂಡ್ ಬಂದ್ಲು, ಇಳಕಲ್ ಸೀರೆ ಉಟ್ಟೋರೂ ಒಬ್ರು ಕಂಡ್ರು, ಸಿಕ್ಕಾಪಟ್ಟೆ ಜನ ಫೋಟೋ ಕೇಳಿದ್ರು. ಇದೇ ಫ್ಲೆಮಿಂಗ್ಟನಲ್ಲಿ 1965ರ ಡರ್ಬಿ ಡೇ ದಿನ (ಕಪ್ಪಿಗೆ ಮುಂಚಿನ ಶನಿವಾರದ ರೇಸು) ಜೀನ್ ಶ್ರಿಂಪ್ಟನ್ ಅನ್ನೋ ಬ್ರಿಟಿಷ್ ಮಾಡೆಲ್ ಮೊಣಕಾಲ ಮೇಲಿನ ಫ್ರಾಕ್ ಹಾಕ್ಕೊಂಡು, ಹ್ಯಾಟಿಲ್ಲ ಗ್ಲೌಸಿಲ್ಲ, ಹಂಗೇ ಬಂದಿದ್ದಕ್ಕೆ ಊರೆಲ್ಲಾ ಗಲಾಟೆ ಆಗಿತ್ತಂತೆ. ಈಗ ಯಾರೂ ಕೇಳಲ್ಲ. ಹ್ಯಾಟ್ ಮಾತ್ರ ಫ್ಯಾಷನ್ನಿಗಲ್ಲ, ಬಿಸಿಲಿಗೆ ಬೇಕೇ ಬೇಕು, ಇಲ್ಲಿ ಬಿಸಿಲು ಹಿತ ಅನ್ಸತ್ತೆ ಆದ್ರೆ ಚರ್ಮ ಸುಟ್ಟಾಕತ್ತೆ, ಸನ್‌ಸ್ಕ್ರೀನ್ ಎರಡ್ಮೂರು ಸಲ ಹಚ್ಬೇಕು. ಜೊತೆಗೊಂದು ತೆಳ್ಳಗಿನ ರೇನ್ ಕೋಟು. ಮೆಲ್ಬರ್ನ್ ಹವಾಮಾನ ನಂಬೋಕಾಗಲ್ಲ, 2018ರ ಕಪ್ ಡೇ ಬೆಳಿಗ್ಗೆ ಸುರಿದ ಮಳೆಗೆ ಒಳಗೆಲ್ಲಾ ನೀರು ನಿಂತು ಸೂಟು ಬೂಟಿನ ಜನ ಪ್ಯಾಂಟ್ ಮಡಚ್ಕೊಂಡು ಓಡಾಡಿದ್ರು.

ಹೋಗೋದು ಹೆಂಗೆ ಅಂದ್ರೆ, ಟ್ರೈನು. ಇನ್ನೇನೂ ಯೋಚ್ನೆ ಮಾಡ್ಬೇಡಿ. ರೇಸ್ ಕೋರ್ಸಿಗೆ ಅಂತಾನೇ ಒಂದು ಸ್ಟೇಷನ್ ಇದೆ, ಫ್ಲೆಮಿಂಗ್ಟನ್ ರೇಸ್‌ಕೋರ್ಸ್ ಅಂತ, ಮಾಮೂಲಿ ದಿನ ಅಲ್ಲಿಗೆ ಟ್ರೈನ್ ಹೋಗೋದೇ ಇಲ್ಲ, ರೇಸೋ ದೊಡ್ಡ ಕಾರ್ಯಕ್ರಮವೋ ಇದ್ರೆ ಮಾತ್ರ. ಕಪ್ ದಿನ ಫ್ಲಿಂಡರ್ಸ್ ಸ್ಟ್ರೀಟಿಂದ ಒಂದರ ಹಿಂದೊಂದು ಬಿಡ್ತಾನೇ ಇರ್ತಾರೆ, ಸದರ್ನ್ ಕ್ರಾಸಲ್ಲೂ ಹತ್ಬೋದು. ಸೀಟ್ ಬೇಕಂದ್ರೆ ಫ್ಲಿಂಡರ್ಸ್ ಸ್ಟ್ರೀಟಿಗೇ ಹೋಗಿ ಹತ್ತಿ. ಇಳಿದ್ರೆ ರೇಸ್ ಕೋರ್ಸ್ ಗೇಟೇ. ಟ್ರಾಮ್ ಬೇಕನ್ನೋರಿಗೆ ಎಲಿಜಬೆತ್ ಸ್ಟ್ರೀಟಿಂದ 57ನೇ ನಂಬರ್ ಇದೆ, ಊರು ನೋಡ್ಕೊಂಡು ನಿಧಾನಕ್ಕೆ ಹೋಗತ್ತೆ. ಕಾರ್ ತಗೊಂಡೋದ್ರೆ ಪಾರ್ಕಿಂಗಿಗೂ ದುಡ್ಡು, ಹೊರಗೆ ಬರೋಕೂ ಒದ್ದಾಟ, ಅದರ ಮೇಲೆ ಒಬ್ರು ಕುಡೀದೆ ಕೂರ್ಬೇಕು. ಬೆಳಿಗ್ಗೆ ಹತ್ತು, ಹತ್ತೂವರೆ ಒಳಗೆ ಗೇಟಲ್ಲಿದ್ರೆ ಲಾನ್ ಮೇಲೆ ನೆರಳಿರೋ ಜಾಗ ಸಿಗತ್ತೆ, ಹನ್ನೆರಡರ ಮೇಲೆ ಹೋದ್ರೆ ಸಿಕ್ಕಿದ್ದೇ ಸೀರುಂಡೆ.

ಊಟ. ನಾವು ಚಪಾತಿ ರೋಲು, ಮೊಸರನ್ನ, ಎರಡು ಪ್ಲಾಸ್ಟಿಕ್ ಬಾಟ್ಲಲ್ಲಿ ನೀರು ತಗೊಂಡೋಗಿದ್ವಿ, ಬ್ಯಾಗ್ ಚೆಕ್ ಮಾಡಿ ಬಿಟ್ರು. ಗಾಜಿಂದು ಏನೂ ಬಿಡಲ್ಲ, ಹೊರಗಿನ ಡ್ರಿಂಕ್ಸ್ ಅಂತೂ ಇಲ್ವೇ ಇಲ್ಲ. ಪ್ರತಿ ವರ್ಷ ರೂಲ್ಸ್ ಒಂಚೂರು ಬದಲಾಗತ್ತೆ, ಟಿಕೆಟ್ ಜೊತೆ ಬರೋ ಮೇಲ್ ಪೂರ್ತಿ ಓದಿ. ಒಳಗೆ ವೆಜ್ ಅಂದ್ರೆ ಚಿಪ್ಸು, ಅದಕ್ಕೂ ಉದ್ದ ಕ್ಯೂ. ಭಾವ ಚಿಪ್ಸಿನ ರೇಟ್ ಕೇಳಿ ಅದನ್ನ ರೂಪಾಯಿಗೆ ಗುಣಿಸಿ, "ಇಷ್ಟ್ ರೊಕ್ಕದಾಗ ಆಲೂಗಡ್ಡಿ ಚೀಲನ ಬರ್ತೈತಲ್ಲೋ" ಅಂದ್ರು. ಇಂಡಿಯಾದಿಂದ ಬಂದೋರ ಜೊತೆ ಹೋಗೋರಿಗೆ ಪ್ರತ್ಯೇಕ ಸಲಹೆ: ರೇಟ್ ನೀವೇ ನೋಡ್ಕೊಳ್ಳಿ, ಅವರಿಗೆ ತೋರಿಸ್ಬೇಡಿ.

ಇನ್ನು ಅಸಲಿ ವಿಷ್ಯಕ್ಕೆ ಬರ್ತೀನಿ. ಕಪ್ಪಿಗೆ ಹೋದ ಬಹಳಷ್ಟು ಜನ ಕುದುರೆ ನೋಡೋದೇ ಇಲ್ಲ, ದೊಡ್ಡ ಸ್ಕ್ರೀನ್ ನೋಡ್ತಾರೆ. ಲಾನ್ ಮೇಲೆ ಜನರ ತಲೆ, ಹ್ಯಾಟು, ಆಚೆಗೆ ಬಣ್ಣದ ಗೆರೆ ಹಾಯ್ದಂಗೆ ಏನೋ ಹೋಯ್ತು, ಮುಗೀತು. 2024ರಲ್ಲಿ 90 ಸಾವಿರಕ್ಕೂ ಹೆಚ್ಚು ಜನ ಬಂದಿದ್ರು, 2003ರಲ್ಲಿ 1,22,736 ಜನ, ಅಷ್ಟು ಜನದ ಮಧ್ಯೆ ಹಂಗಾಗೋದು ಸಹಜ. ಆದ್ರೆ ಆ ದಿನ ಅದೊಂದೇ ರೇಸಲ್ಲ, ಬೆಳಿಗ್ಗೆಯಿಂದ ಸಂಜೆವರೆಗೂ ಸಾಲಾಗಿ ರೇಸುಗಳಿರ್ತವೆ, ಕಪ್ ಏಳನೇದು. ಮೊದಲ ನಾಕೈದು ರೇಸ್ ಹೊತ್ತಲ್ಲಿ ಎಲ್ರೂ ಹರಟೆ, ಕುಡಿಯೋದ್ರಲ್ಲಿ ಬಿಜಿ, ಮೌಂಟಿಂಗ್ ಯಾರ್ಡ್ ಕಡೆ ಜನ ಕಮ್ಮಿ. ಆವಾಗ ಹೋಗಿ ಅಲ್ಲಿ. ಮೌಂಟಿಂಗ್ ಯಾರ್ಡ್ ಅಂದ್ರೆ ರೇಸಿಗೆ ಮುಂಚೆ ಕುದುರೆಗಳನ್ನ ನಡೆಸಿ ತೋರಿಸಿ ಜಾಕಿನ ಹತ್ತಿಸೋ ಜಾಗ. ಅಲ್ಲಿಗೆ ಬರೋ ದಾರಿ ಉದ್ದಕ್ಕೂ ಗುಲಾಬಿ, ಇಡೀ ರೇಸ್ ಕೋರ್ಸಲ್ಲಿ 16 ಸಾವಿರಕ್ಕೂ ಹೆಚ್ಚು ಗುಲಾಬಿ ಗಿಡ ಇವೆ, ಕಪ್ ವಾರಕ್ಕೆ ಸರಿಯಾಗಿ ಹೂ ಬಿಡೋ ಹಂಗೆ ಸವರಿ ಇಟ್ಟಿರ್ತಾರೆ.

ಭಾವ ಅಲ್ಲಿ ಹೋಗಿ ನಿಂತ್ಮೇಲೆ ಅಲ್ಲಾಡ್ಲೇ ಇಲ್ಲ. ಒಂದು ಕಂದು ಕುದುರೆ ನಮ್ಮಿಂದ ಒಂದು ಮಾರು ದೂರದಲ್ಲಿ ಹೋಯ್ತು, ಹಗ್ಗ ಹಿಡ್ಕೊಂಡ ಹುಡುಗಿ ಅದರ ಕುತ್ತಿಗೆ ತಟ್ತಾ ಏನೋ ಮಾತಾಡ್ತಾ ಇದ್ಲು, ಕತ್ತಿನ ಮೇಲೆ ನರ ಎದ್ದು ಕಾಣ್ತಿತ್ತು, ಹಿಂದಿನ ತೊಡೆ ಸಂದಿಯಲ್ಲಿ ಬೆಳ್ಳಗೆ ನೊರೆ. ಕಿವಿ ಒಂದು ಕ್ಷಣನೂ ನಿಲ್ತಿಲ್ಲ, ಬಾಲ ಬಡೀತಾನೇ ಇದೆ. ಭಾವ ಅದನ್ನ ಕೆಳಗಿಂದ ಮೇಲೆ ನೋಡಿ, "ಇದು ಓಡೂಕಿಂತ ಮೊದ್ಲ ದಣದೈತಿ, ಇದರ ಮ್ಯಾಲೆ ರೊಕ್ಕ ಹಾಕಬ್ಯಾಡ" ಅಂದ್ರು. ಅದರ ಹಿಂದೆ ಇನ್ನೊಂದು ಬಂತು, ತಲೆ ತಗ್ಗಿಸ್ಕೊಂಡು, ಹೊಲಕ್ಕೆ ಹೊರಟಂಗೆ ನಿಧಾನಕ್ಕೆ, ಹಿಂದಿನ ಗೊರಸು ಮುಂದಿನ ಗೊರಸಿನ ಗುರುತನ್ನ ದಾಟಿ ಬೀಳ್ತಿತ್ತು. "ಹೆಜ್ಜಿ ನೋಡು, ಹೆಜ್ಜಿ" ಅಂದ್ರು. ಸರಿ ಅಂತ ಅದಕ್ಕೆ ಐದು ಡಾಲರ್ ಪ್ಲೇಸ್ (ಮೊದಲ ಮೂರರೊಳಗೆ ಬಂದ್ರೆ ಸಾಕು ಅನ್ನೋ ಬೆಟ್) ಹಾಕಿದ್ವಿ, ಮೂರನೇದಾಗಿ ಬಂತು. ಮೊದಲನೇದು ಕೊನೆ ಗುಂಪಲ್ಲಿ. ಇಂಗ್ಲಿಷ್ ಒಂದಕ್ಷರ ಬರದ ಮನುಷ್ಯ ಪಕ್ಕದಲ್ಲಿದ್ದ ಬಿಳಿ ಗಡ್ಡದ ಆಸ್ಟ್ರೇಲಿಯನ್ ಅಜ್ಜನ ಜೊತೆ ಅರ್ಧ ಗಂಟೆ ಕೈಸನ್ನೆಯಲ್ಲೇ ಕುದುರೆ ಕಾಲಿನ ಬಗ್ಗೆ ಚರ್ಚೆ ಮಾಡಿದ್ರು, ನಾನು ತರ್ಜುಮೆ ಮಾಡೋಕೋದ್ರೆ ಇಬ್ರೂ ನನ್ನ ಸುಮ್ನಿರು ಅಂದ್ರು.

ಬೆಟ್ಟಿಂಗ್ ಬಗ್ಗೆ ಎರಡು ಮಾತು. ವಿನ್ ಅಂದ್ರೆ ಗೆಲ್ಲಲೇಬೇಕು, ಪ್ಲೇಸ್ ಅಂದ್ರೆ ಮೊದಲ ಮೂರರೊಳಗೆ ಬಂದ್ರೆ ಸಾಕು, ಈಚ್ ವೇ ಅಂದ್ರೆ ಎರಡೂ, ಹಂಗಾಗಿ ಐದು ಡಾಲರ್ ಈಚ್ ವೇ ಅಂದ್ರೆ ಹತ್ತು ಡಾಲರ್ ಹೋಗತ್ತೆ, ಕೌಂಟರಲ್ಲಿ ಜಗಳ ಆಡ್ಬೇಡಿ. ಕುದುರೆ ಬೆನ್ನ ಮೇಲಿನ ಬಟ್ಟೆ ನಂಬರ್ ಬೇರೆ, ಬ್ಯಾರಿಯರ್ (ಓಟ ಶುರುವಾಗೋ ಗೇಟಿನ) ನಂಬರ್ ಬೇರೆ, ಬೆಟ್ ಕಟ್ಟೋವಾಗ ಬಟ್ಟೆ ನಂಬರ್ ಹೇಳ್ಬೇಕು. ಕಪ್ ಹ್ಯಾಂಡಿಕ್ಯಾಪ್ ರೇಸು, ಚೆನ್ನಾಗಿ ಓಡೋ ಕುದುರೆಗೆ ಜಾಸ್ತಿ ತೂಕ ಹೊರಿಸ್ತಾರೆ, ಅದಕ್ಕೇ ಫೇವರಿಟ್ಟೇ ಗೆಲ್ಲತ್ತೆ ಅನ್ನೋ ಗ್ಯಾರಂಟಿ ಇಲ್ಲ. ಮಕೈಬಿ ದಿವಾ ಅನ್ನೋ ಹೆಣ್ಣು ಕುದುರೆ 2003, 2004, 2005 ಸಾಲಾಗಿ ಮೂರು ವರ್ಷ ಗೆದ್ದು ಕೊನೇ ಸಲ 58 ಕೆಜಿ ಹೊತ್ತಿತ್ತು, ಅದಕ್ಕೇ ಇಲ್ಲಿಯೋರು ಇವತ್ತಿಗೂ ಅದರ ಹೆಸರು ಹೇಳ್ತಾರೆ. ನನ್ನ ಪದ್ಧತಿ ಏನಂದ್ರೆ ಊಟಕ್ಕೆ ಸಿನಿಮಾಗೆ ಖರ್ಚು ಮಾಡೋ ಅಷ್ಟು ದುಡ್ಡು ಕ್ಯಾಶಲ್ಲಿ ಇಟ್ಕೊಳೋದು, ಅದು ಮುಗಿದ್ರೆ ಮುಗೀತು, ಫೋನಲ್ಲಿ ಬೆಟ್ಟಿಂಗ್ ಆಪ್ ಹಾಕ್ಕೊಳೋ ಕೆಲ್ಸಕ್ಕೇ ಹೋಗಿಲ್ಲ. ಅತ್ತೆ ಹೇಳಿದ್ರಲ್ಲಿ ಸತ್ಯ ಇಲ್ದೇ ಇಲ್ಲ, ಇಲ್ಲೂ ಮನೆ ಮಾರ್ಕೊಂಡೋರಿದಾರೆ.

ಗೇಟ್ ಹೊರಗೆ ಬೋರ್ಡ್ ಹಿಡ್ಕೊಂಡು ಪ್ರತಿಭಟನೆ ಮಾಡೋರೂ ಇರ್ತಾರೆ. ಅವರನ್ನ ಆಡ್ಕೊಳ್ಳೋದು ಬೇಡ. 2020ರಲ್ಲಿ ಆಂಟನಿ ವಾನ್ ಡೈಕ್ ಅನ್ನೋ ಕುದುರೆ ಓಡ್ತಾ ಕಾಲು ಮುರ್ಕೊಂಡು ಸತ್ತೋಯ್ತು, ಅದಕ್ಕೂ ಮುಂಚೆ ಕೆಲವು ವರ್ಷ ಹಿಂಗೇ ಆಗಿತ್ತು. ಆಮೇಲೆ ಸ್ಕ್ಯಾನಿಂಗ್ ಎಲ್ಲ ಬಿಗಿ ಮಾಡಿದ್ರು, 2024ರಲ್ಲಿ ಐರ್ಲೆಂಡಿಂದ ಬಂದ ಯಾನ್ ಬ್ರೂಗಲ್ ಅನ್ನೋ ಕುದುರೆನ ಸ್ಕ್ಯಾನ್ ನೋಡಿ ಪಶುವೈದ್ಯರು ಓಡೋಕೇ ಬಿಡ್ಲಿಲ್ಲ, ಅಷ್ಟು ದೂರದಿಂದ ವಿಮಾನದಲ್ಲಿ ಬಂದಿದ್ರೂ. ಹೊರದೇಶದ ಕುದುರೆಗಳ ಕ್ವಾರಂಟೈನ್ ಇರೋದು ವೆರಿಬೀಯಲ್ಲಿ, ಅಂದ್ರೆ ನಮ್ಮ ಇಂಡಿಯನ್ ಜನ ತುಂಬ್ಕೊಂಡಿರೋ ಅದೇ ಕಡೆ. ನಮ್ಮನೆ ಮಸಾಲೆ ಅಂಗಡಿಯಿಂದ ಎರಡು ಹೆಜ್ಜೆ ದೂರದಲ್ಲಿ ಕೋಟಿ ಬೆಲೆಯ ಕುದುರೆಗಳು ಹುಲ್ಲು ತಿಂತಿರ್ತವೆ ಅಂತ ಭಾವನಿಗೆ ಹೇಳಿದ್ರೆ ಮಾರನೇ ದಿನವೇ ಅಲ್ಲಿಗೆ ಹೋಗೋಣ ಅಂದ್ರು, ಒಳಗೆ ಬಿಡಲ್ಲ ಅಂತ ಸಮಾಧಾನ ಮಾಡ್ಬೇಕಾಯ್ತು.

ಕಪ್ ರೇಸಿಗೆ ಎಲ್ಲಿ ನಿಲ್ಬೇಕು? ರೈಲಿಂಗ್ ಹತ್ರ, ವಿನ್ನಿಂಗ್ ಪೋಸ್ಟಿಗಿಂತ ಒಂಚೂರು ಮುಂಚೆ ಬರೋ ಜಾಗ. ಎರಡು ಗಂಟೆಗೇ ಹೋಗಿ ಹಿಡ್ಕೊಬೇಕು, ಬಾತ್‌ರೂಮಿಗೆ ಅದಕ್ಕಿಂತ ಮುಂಚೆ ಹೋಗ್ಬನ್ನಿ. ರೈಲಿಂಗೇ ಯಾಕಂದ್ರೆ 3200 ಮೀಟರ್ ಓಟಕ್ಕೆ ಸ್ಟಾರ್ಟ್ ಇರೋದು ಸ್ಟ್ರೇಟಿನ, ಅಂದ್ರೆ ವಿನ್ನಿಂಗ್ ಪೋಸ್ಟ್ ಇರೋ ನೇರ ದಾರಿಯ ಆ ತುದಿಯಲ್ಲಿ, ಕುದುರೆಗಳು ಒಂದ್ಸಲ ನಿಮ್ಮ ಮುಂದೆ ಹಾದು ಪೂರ್ತಿ ಸುತ್ತು ಹೊಡೆದು ಮತ್ತೆ ಬರ್ತವೆ. ಮೊದಲ ಸಲ ಹೋಗೋವಾಗ ಗುಂಪಾಗಿ ಹೋಗ್ತವೆ, ಜಾಕಿಗಳು ಒಬ್ಬರಿಗೊಬ್ರು ಕೂಗೋದು ಕೇಳ್ಸತ್ತೆ, ನೆಲ ಅದುರೋದು ಶೂ ಒಳಗೆ ಗೊತ್ತಾಗತ್ತೆ. ಎರಡನೇ ಸಲ ಏನೂ ಕೇಳ್ಸಲ್ಲ, ಜನರ ಕಿರುಚಾಟ ಮಾತ್ರ. ನಾವು ಹೋದ 2024ರಲ್ಲಿ ಕೊನೇ ನೂರು ಮೀಟರಲ್ಲಿ ನೈಟ್ಸ್ ಚಾಯ್ಸ್ ಅನ್ನೋ ಕುದುರೆ ಎಲ್ಲಿಂದ್ಲೋ ನುಗ್ಗಿ ಬಂದು ಜಪಾನಿನ ವಾರ್ಪ್ ಸ್ಪೀಡ್‌ನ ಮೂಗಿನಷ್ಟು ಅಂತರದಲ್ಲಿ ಸೋಲಿಸ್ತು, ಫೋಟೋ ನೋಡಿ ಹೇಳೋವರೆಗೂ ಯಾರಿಗೂ ಗೊತ್ತಿಲ್ಲ. ಒಂದಕ್ಕೆ ತೊಂಬತ್ತು ರೇಟು! ಜಾಕಿ ರಾಬಿ ಡೋಲನ್ ಟಿವಿ ಶೋನಲ್ಲಿ ಹಾಡಿದ್ದ ಗಾಯಕನೂ ಹೌದಂತೆ, ಟ್ರೈನರ್‌ಗಳಲ್ಲಿ ಒಬ್ರಾದ ಶೀಲಾ ಲ್ಯಾಕ್ಸನ್ 2001ರಲ್ಲೂ ಇಥೀರಿಯಲ್ ಜೊತೆ ಕಪ್ ಗೆದ್ದಿದ್ದೋರು. ನಮ್ಮ ಕಡೆ ಯಾರೂ ಅದರ ಮೇಲೆ ಹಾಕಿರ್ಲಿಲ್ಲ. ಪಕ್ಕದ ಹುಡುಗಿ ಒಬ್ಳಿಗೆ ಆಫೀಸ್ ಸ್ವೀಪಲ್ಲಿ ಅದೇ ಚೀಟಿ ಬಂದಿತ್ತು, ಅಂದ್ರೆ ಇಲ್ಲಿ ಪ್ರತಿ ಆಫೀಸಲ್ಲೂ ಕುದುರೆ ಹೆಸರಿನ ಚೀಟಿ ಎತ್ತೋ ಆಟ ಇರತ್ತೆ, ಅವಳು ಕುಣಿದಿದ್ದೇ ಕುಣಿದಿದ್ದು. ಭಾವನ್ನ ಕೇಳಿದೆ, ಯಾರ್ಡಲ್ಲಿ ಅದನ್ನ ನೋಡಿ ಏನೂ ಹೇಳ್ಲಿಲ್ವಲ್ಲ ಅಂತ. "ಆ ಗದ್ದಲದಾಗ ನನಗ ಬರೇ ಟೊಪ್ಪಿಗಿ ಕಂಡ್ವು" ಅಂದ್ರು.

ವಾಪಸ್ ಬರೋದಕ್ಕೆ ಎರಡೇ ದಾರಿ, ಒಂದು ಕಪ್ ಮುಗಿದ ತಕ್ಷಣ ಹೊರಡೋದು, ಇಲ್ಲಾಂದ್ರೆ ಕೊನೇ ರೇಸ್ ಆದ್ಮೇಲೂ ಒಂದು ಗಂಟೆ ಹುಲ್ಲ ಮೇಲೆ ಕೂತಿರೋದು. ಮಧ್ಯದಲ್ಲಿ ಹೊರಟ್ರೆ ಸ್ಟೇಷನ್ ಕ್ಯೂ ಸಾಯಿಸತ್ತೆ. ನಾವು ಕೂತ್ವಿ, ನವೆಂಬರಲ್ಲಿ ಎಂಟು ಗಂಟೆವರೆಗೂ ಬೆಳಕಿರತ್ತೆ, ಏನೂ ಅರ್ಜೆಂಟಿಲ್ಲ. ಜನರ ಮಧ್ಯೆ ಫೋನ್ ನೆಟ್‌ವರ್ಕ್ ಕೈ ಕೊಡತ್ತೆ, ಅದಕ್ಕೆ ಬೆಳಿಗ್ಗೆನೇ ಒಂದು ಜಾಗ ಗೊತ್ತು ಮಾಡ್ಕೊಳ್ಳಿ, ತಪ್ಪಿಸ್ಕೊಂಡ್ರೆ ಫಾರ್ ಲ್ಯಾಪ್ ಪ್ರತಿಮೆ ಹತ್ರ ಸಿಗೋದು ಅಂತ. 1930ರಲ್ಲಿ ಕಪ್ ಗೆದ್ದ ಕುದುರೆ ಅದು, 1932ರಲ್ಲಿ ಅಮೆರಿಕದಲ್ಲಿ ಸತ್ತಿದ್ದು. ಅದರ ಚರ್ಮ ತುಂಬಿಸಿ ಮೆಲ್ಬರ್ನ್ ಮ್ಯೂಸಿಯಮಲ್ಲಿ ಇಟ್ಟಿದಾರೆ, ಹೃದಯ ಕ್ಯಾನ್ಬೆರಾದಲ್ಲಿದೆ, ಅಸ್ಥಿಪಂಜರ ನ್ಯೂಜಿಲೆಂಡಲ್ಲಿ. ಮೂರು ದಿನದ ಪ್ಲಾನ್ ಇರೋರು ಬುಧವಾರ ಮ್ಯೂಸಿಯಮ್ ಇಟ್ಕೊಳ್ಳಿ, ಕಾಲಿಗೂ ರೆಸ್ಟು.

ಕೊನೇದಾಗಿ ಯಾವ ದಿನ ಹೋಗ್ಬೇಕು ಅನ್ನೋದು. ಕಪ್ ಒಂದೇ ದಿನ ಅಲ್ಲ, ಹಿಂದಿನ ಶನಿವಾರ ಡರ್ಬಿ ಡೇ, ಮಂಗಳವಾರ ಕಪ್, ಗುರುವಾರ ಓಕ್ಸ್ ಡೇ, ಮತ್ತೆ ಶನಿವಾರ ಇನ್ನೊಂದು. ರೇಸ್ ಗೊತ್ತಿರೋರು ಡರ್ಬಿ ಡೇನೇ ಬೆಸ್ಟ್ ಅಂತಾರೆ, ಆದ್ರೆ ಅದು ರಾಜ್ಯೋತ್ಸವ ಕಾರ್ಯಕ್ರಮದ ವೀಕೆಂಡಿಗೇ ಬಂದು ಬೀಳತ್ತೆ, ಮನೇಲಿ ಮಕ್ಕಳ ಡ್ಯಾನ್ಸ್ ಇದ್ರೆ ಆ ಆಸೆ ಬಿಡಿ. ಚಿಕ್ಕ ಮಕ್ಳಿರೋರು ಕೊನೇ ಶನಿವಾರ ಹೋಗಿ, ಜನ ಕಮ್ಮಿ, ಕುಡುಕರೂ ಕಮ್ಮಿ, ಮಕ್ಕಳ ಆಟ ಎಲ್ಲ ಇಟ್ಟಿರ್ತಾರೆ. ಒಂದೇ ಸಲ ನೋಡೋದು ಅನ್ನೋರು ಮಂಗಳವಾರ. ಟಿಕೆಟ್ ಮುಂಚೆನೇ ಆನ್‌ಲೈನಲ್ಲಿ ತಗೊಳ್ಳಿ, ಹೋಟೆಲ್ ಬೇಕಿರೋರು ಇನ್ನೂ ಮುಂಚೆ, ಆ ವಾರ ರೇಟ್ ಆಕಾಶಕ್ಕಿರತ್ತೆ. ವೆರಿಬೀ, ಟಾರ್ನೀಟ್ ಕಡೆ ನೆಂಟರು ಯಾರಾದ್ರೂ ಇದ್ರೆ ಈಗಿಂದ್ಲೇ ಫೋನ್ ಮಾಡಿ ಚೆನ್ನಾಗಿದೀರಾ ಅಂತ ಕೇಳ್ತಾ ಇರಿ.