ಹಳಿ ಕಿತ್ಕೊಂಡು ಹೋದ್ಮೇಲೆ ಮ್ಯಾಗ್ಡಲೀನ

ಹೋದ ಭಾನುವಾರ ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿಯಿಂದ ಇಲ್ಲಿನ ದೊಡ್ಡ ರೇಡಿಯೋ ಟೆಲಿಸ್ಕೋಪ್ ನೋಡೋಕೆ ಹೊರಟಿದ್ವಿ, ಸೊಕೊರೊದಲ್ಲಿ ಹೈವೇ 60 ಹಿಡಿದು 27 ಮೈಲಿ ಪಶ್ಚಿಮಕ್ಕೆ ಹೋದ್ರೆ ಮ್ಯಾಗ್ಡಲೀನ ಅಂತ ಊರು, ಕಾಫಿಗೆ ಅಂತ ಕಾರ್ ನಿಲ್ಸಿದ್ರೆ ಒಂದು ಅಂಗಡೀನೂ ತೆಗೆದಿಲ್ಲ. ಸರಿ, ಕಾಲಾಡಿಸೋಣ ಅಂತ ಇಳಿದೆ.

ಊರಂಚಲ್ಲಿ ಹಳೇ ದೊಡ್ಡಿಗಳಿವೆ, ಬಿಸ್ಲಿಗೆ ಬೆಳ್ಳಗಾಗಿ ಸೀಳು ಬಿಟ್ಟಿರೋ ಮರದ ಕಂಬಗಳು, ಮುಟ್ಟಿದ್ರೆ ಕೈಗೆ ಸಿಬಿರು ಚುಚ್ಚುತ್ತೆ. 1919ರಲ್ಲಿ ಈ ಊರಿಗೆ ಸುಮಾರು 21,000 ದನ, 1,50,000 ಕುರಿ ಬಂದಿದ್ವಂತೆ, ಅದೂ ನಡ್ಕೊಂಡು! ಆ ಕಡೆ ಅರಿಜೋನಾದ ಸ್ಪ್ರಿಂಗರ್‌ವಿಲ್‌ನಿಂದ 120 ಮೈಲಿಗೂ ಜಾಸ್ತಿ ದಾರಿ. ದನ ದಿನಕ್ಕೆ 10 ಮೈಲಿ, ಕುರಿ ಬರೀ 5, ಯಾಕಂದ್ರೆ ಮೇಯಿಸ್ಕೊಂಡೇ ಬರ್ಬೇಕು, ಓಡಿಸಿದ್ರೆ ಮೈ ಇಳಿಯುತ್ತೆ, ಮೈ ಇಳಿದ್ರೆ ರೇಟೂ ಇಳೀತು. 1930ರ ದಶಕದಲ್ಲಿ ಸರ್ಕಾರ ಈ ದಾರಿಗೆ ಬೇಲಿ ಹಾಕ್ಸಿ 10 ಮೈಲಿಗೊಂದು ಬಾವಿ ತೋಡಿಸ್ತು. ನಮ್ಮ ಅಜ್ಜಂಪುರದ ಕಡೆ ಅಮೃತಮಹಲ್ ದನಗಳು ಮೇಯೋಕೆ ಅಂತ ಬಿಟ್ಟಿರೋ ಕಾವಲು ಇದ್ಯಲ್ಲ, ನಂಗೆ ಅದೇ ನೆನಪಾಯ್ತು, ಇದು ಉದ್ದಕ್ಕೆ ಚಾಚಿದ ಕಾವಲು ಅಷ್ಟೆ.

ಇಷ್ಟೆಲ್ಲಾ ಯಾಕೆ ಅಂದ್ರೆ ರೈಲು ಇಲ್ಲಿಗೇ ಮುಗೀತಿತ್ತು. ಮೇಲೆ ಬೆಟ್ಟದಲ್ಲಿ ಕೆಲ್ಲಿ ಅಂತ ಗಣಿ ಊರು, ಸೀಸ ಬೆಳ್ಳಿ ಆಮೇಲೆ ಸತು, ಆ ಅದಿರಿಗೋಸ್ಕರ 1885ರಲ್ಲಿ ಸೊಕೊರೊದಿಂದ ಲೈನ್ ಎಳೆದ್ರು, ಬೆಟ್ಟದ ಏರು ಜಾಸ್ತಿ ಅಂತ ಮ್ಯಾಗ್ಡಲೀನದಲ್ಲೇ ನಿಲ್ಸಿದ್ರು. ಅಷ್ಟೇ ಸಾಕಾಯ್ತು ನೋಡಿ, ರೈಲು ಹತ್ತಬೇಕಾದ ದನವೆಲ್ಲಾ ಇಲ್ಲಿಗೇ ಬಂದು ದೊಡ್ಡೀಲಿ ಕಾಯೋ ಹಾಗಾಯ್ತು.

ಆಮೇಲೆ ಲಾರಿ ಬಂತು. ಲಾರಿ ಸೀದಾ ರ‍್ಯಾಂಚ್ ಗೇಟಿಗೇ ಹೋಗಿ ದನ ತುಂಬ್ಕೊಂಡ್ರೆ ನಡುವೆ ಈ ಊರಿಗೇನು ಕೆಲಸ? ಗಣೀನೂ ಬರಿದಾಯ್ತು, ಕೆಲ್ಲಿಯಲ್ಲಿ ಈಗ ನರಪಿಳ್ಳೆ ಇಲ್ಲ. ಕೊನೇ ಸಲ ದನ ಹೊಡ್ಕೊಂಡು ಬಂದಿದ್ದು 1971ರಲ್ಲಿ, ಅದೇ ಸುಮಾರಿಗೆ ರೈಲೂ ನಿಂತು ಹಳೀನೂ ಕಿತ್ತರು. ಸ್ಟೇಷನ್ ಕಟ್ಟಡ ಈಗ ಲೈಬ್ರರಿ, ಪುಣ್ಯಕ್ಕೆ ಕೆಡವಿಲ್ಲ. ಜನ ಸಾವಿರದೊಳಗೇ ಇದ್ದಾರೆ, 2013ರ ಜೂನ್‌ನಲ್ಲಿ ಬೋರ್‌ವೆಲ್ ಕೈಕೊಟ್ಟು ಅವ್ರ ನಲ್ಲಿಗಳೂ ಒಣಗಿದ್ವು. ಬಯಲುಸೀಮೆಯವ್ರಿಗೆ ಇದನ್ನ ಬಿಡಿಸಿ ಹೇಳ್ಬೇಕಿಲ್ಲ.

ಕಾಫಿ ಕೊನೆಗೂ ಸಿಗ್ಲಿಲ್ಲ. ಫ್ಲಾಸ್ಕಲ್ಲಿದ್ದ ಬೆಳಗಿನ ಟೀನೇ ಕುಡ್ದು ಹೊರಟ್ವಿ, ಅರ್ಧ ಗಂಟೇಲಿ ಸಾನ್ ಅಗಸ್ಟೀನ್ ಬಯಲು, ಹಿಂದೆ ಆ ಹಿಂಡುಗಳು ದಾಟ್ತಿದ್ದ ಬಯಲೇ, ಅಲ್ಲಿ ನಾವು ನೋಡೋಕೆ ಹೊರಟಿದ್ದ ಟೆಲಿಸ್ಕೋಪಿನ 27 ಬಿಳೀ ಡಿಶ್‌ಗಳು. ಹತ್ರ ಹೋದ್ರೆ ಕಾಲ್ಕೆಳಗೆ ರೈಲು ಹಳಿ! ಒಂದೊಂದು ಡಿಶ್ಶೂ 200 ಟನ್‌ಗಿಂತ ಜಾಸ್ತಿ ತೂಕ, ಅದನ್ನ ಆಚೀಚೆ ಸಾಗಿಸೋಕೆ ಜೋಡಿ ಹಳಿ ಹಾಕವ್ರೆ. ಅದ್ರ ಪಕ್ಕದಲ್ಲೇ ನಾಲ್ಕೈದು ದನ ನಮ್ಮ ಕಡೆ ತಿರುಗೀನೂ ನೋಡ್ದೆ ಮೇಯ್ತಾ ನಿಂತಿದ್ವು.